ನಮ್ಮ ನಂತರ ಇವನನ್ನು ನೋಡಿಕೊಳ್ಳುವವರು ಯಾರು? ವಿಶೇಷಚೇತನರಿಗಾಗಿ ಕುಟುಂಬ ಟ್ರಸ್ಟ್ ಮಾಡುವ ಬಗೆ

ನನ್ನ ತಮ್ಮನಿಗೆ ಈಗ 36 ವರ್ಷ. ಬೌದ್ಧಿಕ ಅಂಗವೈಕಲ್ಯ ಇದೆ. ಸ್ನಾನ, ಊಟ, ಬಟ್ಟೆ ಮಡಚಿಡುವುದು ಎಲ್ಲ ತಾನೇ ಮಾಡಿಕೊಳ್ಳುತ್ತಾನೆ. ಐವತ್ತರ ನೋಟು ಯಾವುದು, ಐನೂರರದ್ದು ಯಾವುದು ಅನ್ನುವುದು ಮಾತ್ರ ಅವನಿಗೆ ತಿಳಿಯುವುದಿಲ್ಲ. ಅಪ್ಪ ಅವನ ಬಗ್ಗೆ ಬಹಳ ಯೋಚನೆ ಮಾಡುತ್ತಿದ್ದರು. ಅವನು ಚಿಕ್ಕವನಿದ್ದಾಗಲೇ ಅವನ ಹೆಸರಲ್ಲಿ ಖಾತೆ ತೆರೆದು ಎಫ್‌ಡಿ ಇಟ್ಟರು. ಮನೆಯ ಅರ್ಧ ಭಾಗವನ್ನು ವಿಲ್‌ನಲ್ಲಿ ಅವನಿಗೇ ಬರೆದರು. ಅಪ್ಪ ತೀರಿಕೊಂಡ ಮೇಲೆ ಎಫ್‌ಡಿ ಅವಧಿ ಮುಗಿಯಿತು, ಬ್ಯಾಂಕಿಗೆ ಹೋದೆವು. ಅವನು 18 ದಾಟಿದವನು, ಅವನೇ ಸಹಿ ಮಾಡಬೇಕು, ಅಮ್ಮನ ಸಹಿ ನಡೆಯುವುದಿಲ್ಲ ಅಂದರು. ಅವನಿಗೆ ಸಹಿ ಬರುವುದಿಲ್ಲ. ಏಳು ತಿಂಗಳು ನಾವು ಅಲ್ಲಿಂದಿಲ್ಲಿಗೆ ಓಡಾಡಿದೆವು, ಅವನ ಔಷಧಿಗೆ ಅಂತಲೇ ಅಪ್ಪ ಇಟ್ಟ ದುಡ್ಡು ಬ್ಯಾಂಕಿನಲ್ಲಿ ಇದ್ದ ಹಾಗೇ ಇತ್ತು, ಔಷಧಿಯನ್ನು ನನ್ನ ಸಂಬಳದಲ್ಲಿ ತರುತ್ತಿದ್ದೆವು.

ಅಪ್ಪನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ದುಡ್ಡು ಇಟ್ಟರು, ಆದರೆ ಅದನ್ನು ತೆಗೆದು ಅವನಿಗಾಗಿ ಖರ್ಚು ಮಾಡುವ ಕೈ ಯಾವುದು ಅಂತ ಬರೆದಿಡಲಿಲ್ಲ. ಅದನ್ನು ಬರೆದಿಡುವುದೇ ಟ್ರಸ್ಟಿನ ಕೆಲಸ. ಆಮೇಲೆ ಅಮ್ಮ, ನಾನು ಸೇರಿ ಟ್ರಸ್ಟ್ ಮಾಡಿದೆವು. ಅದನ್ನು ಹೇಗೆ ಮಾಡುವುದು, ಎಲ್ಲಿ ಎಡವುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಮಾತು. ಅಂಗವೈಕಲ್ಯ ಇರುವ ಎಲ್ಲರಿಗೂ ಇದೆಲ್ಲ ಬೇಕಾಗಿಲ್ಲ. ಕಣ್ಣು ಕಾಣದವರು, ಗಾಲಿಕುರ್ಚಿ ಬಳಸುವವರು, ಕಿವಿ ಕೇಳದವರು ತಮ್ಮ ಆಸ್ತಿಯನ್ನು ತಾವೇ ನೋಡಿಕೊಳ್ಳಬಲ್ಲರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಎಲ್ಲರಂತೆ ಅವರಿಗೂ ಕಾನೂನಿನಲ್ಲಿ ಸಮಾನ ಸ್ಥಾನ ಕೊಟ್ಟಿದೆ. ಅಂಥವರ ಹೆಸರಲ್ಲಿ ಅವರನ್ನು ಕೇಳದೆ ಟ್ರಸ್ಟ್ ಮಾಡುವುದು ತಪ್ಪು. ದುಡ್ಡಿನ ವ್ಯವಹಾರ ತಾನಾಗಿ ಮಾಡಲು ಆಗದವರು, ಅಥವಾ ಬೇರೆಯವರು ಸುಲಭವಾಗಿ ಮೋಸ ಮಾಡಬಹುದಾದವರು ಮನೆಯಲ್ಲಿದ್ದರೆ ಮುಂದೆ ಓದಿ.

ಆಸ್ತಿ ನೇರವಾಗಿ ಅವರ ಹೆಸರಿಗೆ ಬಂದರೆ ಏನಾಗುತ್ತದೆ?

ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಕಾಯಿಲೆ ಇದೆ, ಊನ ಇದೆ ಅನ್ನುವ ಕಾರಣಕ್ಕೆ ಯಾರ ಪಾಲೂ ತಪ್ಪುವುದಿಲ್ಲ. ಅಂದರೆ ನೀವು ಏನೂ ಬರೆದಿಡದಿದ್ದರೂ ಮಗನಿಗೆ ಅಥವಾ ಮಗಳಿಗೆ ಪಾಲು ಬರುತ್ತದೆ. ಬಂದ ಪಾಲನ್ನು ಅವರು ಮಾರಲಾರರು, ಬಾಡಿಗೆ ಕರಾರಿಗೆ ಸಹಿ ಹಾಕಲಾರರು. ಆಗ ಊರುಗಳಲ್ಲಿ ನಡೆಯುವುದು ಏನು ಅಂತ ನಿಮಗೂ ಗೊತ್ತಿರುತ್ತದೆ ಅಲ್ವಾ? ಹಕ್ಕು ಬಿಡುಗಡೆ ಪತ್ರ ತಂದು ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ತಾನು ಏನು ಬರೆದುಕೊಡುತ್ತಿದ್ದೇನೆ ಅಂತ ತಿಳಿಯದವರಿಂದ ಪಡೆದ ಪತ್ರ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವವರು ಯಾರು? ಅವರ ಪರವಾಗಿ ಮಾತಾಡಬೇಕಾದ ಅಣ್ಣನೋ ಅಕ್ಕನೋ ಆ ಪತ್ರ ಬರೆಸಿಕೊಂಡವರೇ ಆಗಿರುತ್ತಾರೆ.

ಇನ್ನೂ ಕೆಲವರು ಆಸ್ತಿಯನ್ನೆಲ್ಲ ಇನ್ನೊಬ್ಬ ಮಗನ ಹೆಸರಿಗೆ ಬರೆದು, ನೀನು ಇವನನ್ನು ನೋಡಿಕೋ ಅನ್ನುತ್ತಾರೆ. ಆ ಮಗ ಒಳ್ಳೆಯವನೇ ಇರಬಹುದು. ಆದರೆ ಅವನಿಗೆ ಸಾಲ ಆದರೆ, ವಿಚ್ಛೇದನ ಆದರೆ, ಅವನೇ ಮೊದಲು ಹೋಗಿಬಿಟ್ಟರೆ ಆ ಆಸ್ತಿ ಅವನಿಗೆ ಸಾಲ ಕೊಟ್ಟವರಿಗೆ, ಅವನ ವಾರಸುದಾರರಿಗೆ ಹೋಗುತ್ತದೆ. ಬಾಯಿಮಾತಿನ ಭರವಸೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಟ್ರಸ್ಟ್ ಅಂದರೆ ಇಷ್ಟೇ

ಇದು ಮಠ, ಶಾಲೆ ನಡೆಸುವ ಸಾರ್ವಜನಿಕ ಟ್ರಸ್ಟ್ ಥರದ್ದಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಅಡಿಯಲ್ಲಿ ಬರುವ ಖಾಸಗಿ ಟ್ರಸ್ಟ್. ಆಸ್ತಿ ಕೊಡುವವರು ಒಬ್ಬರು, ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳು ಕೆಲವರು, ಅದರಿಂದ ಪ್ರಯೋಜನ ಪಡೆಯುವ ಫಲಾನುಭವಿ ಒಬ್ಬರು. ಆಸ್ತಿ ಟ್ರಸ್ಟಿಗಳ ಹೆಸರಲ್ಲಿ ಇರುತ್ತದೆ, ಆದರೆ ಅದರ ಒಂದು ರೂಪಾಯಿಯನ್ನೂ ಅವರು ತಮಗಾಗಿ ಬಳಸುವಂತಿಲ್ಲ, ಆ ಆಸ್ತಿಯನ್ನು ತಾವೇ ಕೊಂಡುಕೊಳ್ಳುವ ಹಾಗೂ ಇಲ್ಲ. ಪಾಲಿಸದಿದ್ದರೆ ಕೋರ್ಟು ಅವರನ್ನು ತೆಗೆಯಬಹುದು.

ಎರಡು ದಾರಿ ಇವೆ. ಬದುಕಿರುವಾಗಲೇ ಟ್ರಸ್ಟ್ ಡೀಡ್, ಅಂದರೆ ಟ್ರಸ್ಟಿನ ನಿಯಮಗಳ ಪತ್ರ, ಬರೆದು ಶುರು ಮಾಡುವುದು ಒಂದು. ವಿಲ್‌ನಲ್ಲಿ ಬರೆದಿಟ್ಟು, ಸತ್ತ ಮೇಲೆ ಶುರುವಾಗುವಂತೆ ಮಾಡುವುದು ಇನ್ನೊಂದು. ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಎರಡನ್ನೂ ಮಾಡಿ. ಈಗಲೇ ಸ್ವಲ್ಪ ದುಡ್ಡು ಹಾಕಿ ಪುಟ್ಟ ಟ್ರಸ್ಟ್ ಶುರು ಮಾಡಿ, ಮನೆ ಮತ್ತು ಉಳಿದದ್ದು ನಿಮ್ಮ ನಂತರ ಅದೇ ಟ್ರಸ್ಟ್‌ಗೆ ಸೇರುವಂತೆ ವಿಲ್ ಬರೆಯಿರಿ. ಇದರಿಂದ ಖರ್ಚೂ ಉಳಿಯುತ್ತದೆ. ಈಗಲೇ ಮನೆಯನ್ನು ಟ್ರಸ್ಟ್‌ಗೆ ವರ್ಗಾಯಿಸಿದರೆ ಮುದ್ರಾಂಕ ಶುಲ್ಕ ಜಾಸ್ತಿ ಆಗುತ್ತದೆ, ವಿಲ್ ಮೂಲಕ ಹೋಗುವ ಆಸ್ತಿಗೆ ಆ ಶುಲ್ಕ ಇಲ್ಲ. ಆದರೆ ನಾನು ಇದನ್ನು ಒತ್ತಿ ಹೇಳುವ ಕಾರಣ ಖರ್ಚಲ್ಲ. ನೀವು ಬದುಕಿರುವಾಗ ಟ್ರಸ್ಟಿಗಳು ಆ ಮಗುವಿನ ಜೊತೆ ನಾಲ್ಕು ವರ್ಷ ಒಡನಾಡಿರುತ್ತಾರೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿರುತ್ತಾರೆ, ಚೆಕ್ ಬರೆದಿರುತ್ತಾರೆ, ಲೆಕ್ಕ ಇಟ್ಟಿರುತ್ತಾರೆ. ಯಾರು ಸರಿಯಾಗಿ ಮಾಡುತ್ತಾರೆ, ಯಾರು ಸುಮ್ನೆ ಹೆಸರಿಗೆ ಇದ್ದಾರೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ. ಆಗ ಬದಲಾಯಿಸಬಹುದು.

ಪೋಷಕತ್ವ ಪತ್ರ ಬೇರೆ, ಟ್ರಸ್ಟ್ ಬೇರೆ

ಇದು ನಮಗೆ ಗೊತ್ತೇ ಇರಲಿಲ್ಲ. ಮಗು 18 ದಾಟಿದ ದಿನ ಅಪ್ಪ ಅಮ್ಮ ಕಾನೂನಿನ ಪ್ರಕಾರ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಹೆಸರಲ್ಲಿ ಟ್ರಸ್ಟ್ ಅಂತ ಇದ್ದರೂ ನ್ಯಾಷನಲ್ ಟ್ರಸ್ಟ್ ಕೇಂದ್ರ ಸರ್ಕಾರದ ಸಂಸ್ಥೆ, ನಾವು ಮಾಡುವ ಕುಟುಂಬ ಟ್ರಸ್ಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಈ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಡಿಸಿ ಇರುವ ಸ್ಥಳೀಯ ಸಮಿತಿ ಇರುತ್ತದೆ, ಎಲ್‌ಎಲ್‌ಸಿ ಅಂತ ಕರೆಯುತ್ತಾರೆ. ಅಲ್ಲಿ ಅರ್ಜಿ ಹಾಕಿದರೆ ಗಾರ್ಡಿಯನ್ ನೇಮಿಸಿ ಪೋಷಕತ್ವ ಪತ್ರ ಕೊಡುತ್ತಾರೆ. ಈ ಪತ್ರವನ್ನು ಬ್ಯಾಂಕುಗಳು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಕೊಟ್ಟಿದೆ. ಶಾಖೆಯಲ್ಲಿ ಕೂತವರಿಗೆ ಅದು ಗೊತ್ತಿರದಿದ್ದರೆ ಆ ಸುತ್ತೋಲೆಯ ಪ್ರತಿ ಕೈಯಲ್ಲಿ ಹಿಡಿದು ಹೋಗಿ. ನಮ್ಮ ಎಫ್‌ಡಿ ಕೊನೆಗೆ ಬಿಡುಗಡೆ ಆದದ್ದು ಈ ಪತ್ರದಿಂದಲೇ.

ಅರ್ಜಿಗೆ ಮೊದಲು ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಸರ್ಕಾರಿ ಗುರುತಿನ ಚೀಟಿ) ಮಾಡಿಸಿಕೊಳ್ಳಿ. ಎಲ್ಲಿ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಇಲ್ಲವಾದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ನೇರವಾಗಿ ಹೋಗಿ. ಗಾರ್ಡಿಯನ್ ಆದವರು 6 ತಿಂಗಳ ಒಳಗೆ ಆಸ್ತಿಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇರುವವರು ಮಾತ್ರ ಈ ನಾಲ್ಕರಲ್ಲಿ ಬರುವುದಿಲ್ಲ. ಅವರ ವಿಷಯ ಕೋರ್ಟಿನ ದಾರಿ, ಅದಕ್ಕೆ ವಕೀಲರು ಬೇಕೇ ಬೇಕು. ಆದರೆ ಅವರಿಗಾಗಿಯೂ ಕುಟುಂಬ ಟ್ರಸ್ಟ್ ಮಾಡಲು ಯಾವ ಅಡ್ಡಿಯೂ ಇಲ್ಲ.

ಗಾರ್ಡಿಯನ್ ವ್ಯಕ್ತಿಯನ್ನು ನೋಡಿಕೊಳ್ಳುತ್ತಾರೆ, ಟ್ರಸ್ಟಿ ದುಡ್ಡನ್ನು. ಎರಡೂ ಒಬ್ಬರ ಕೈಯಲ್ಲೇ ಇರಬಾರದು ಅನ್ನುವುದು ನನ್ನ ಅನಿಸಿಕೆ. ನಮ್ಮಲ್ಲಿ ಅಮ್ಮ ಗಾರ್ಡಿಯನ್. ಅವರ ನಂತರ ನಾನು ಗಾರ್ಡಿಯನ್ ಆಗಲು ಅರ್ಜಿ ಹಾಕುತ್ತೇನೆ, ಆಗ ಟ್ರಸ್ಟಿ ಸ್ಥಾನ ಬಿಡುತ್ತೇನೆ. ನಾನು ಖರ್ಚು ಕೇಳುವವಳು, ಟ್ರಸ್ಟಿಗಳು ಬಿಲ್ ನೋಡಿ ಕೊಡುವವರು. ನನ್ನ ಮೇಲೆ ನನಗೆ ನಂಬಿಕೆ ಇದೆ, ಆದರೂ ಹೀಗೇ ಇರಲಿ ಅಂತ ನಾನೇ ಬರೆಸಿದೆ.

ಟ್ರಸ್ಟಿ ಯಾರಾಗಬೇಕು?

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೆ. ಡೀಡ್ ಬರೆಯಲು ವಕೀಲರಿಗೆ ಎರಡು ವಾರ ಸಾಕು, ನಮಗೆ ಟ್ರಸ್ಟಿಗಳನ್ನು ಹುಡುಕಲು ಎಂಟು ತಿಂಗಳು ಹಿಡಿಯಿತು. ಕನಿಷ್ಠ ಮೂರು ಜನ ಇರಲಿ. ಎಲ್ಲರೂ ನಿಮ್ಮ ವಯಸ್ಸಿನವರೇ ಆದರೆ ಪ್ರಯೋಜನ ಇಲ್ಲ, ಒಬ್ಬರಾದರೂ ನಿಮ್ಮ ಮಗುವಿನ ವಯಸ್ಸಿನವರು ಅಥವಾ ಚಿಕ್ಕವರು ಇರಲಿ. ಒಬ್ಬರು ಕುಟುಂಬದ ಹೊರಗಿನವರು ಇರಲಿ, ಲೆಕ್ಕಪತ್ರ ಗೊತ್ತಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಮಗುವಿನ ಥರದ್ದೇ ಮಗು ಇರುವ ಇನ್ನೊಂದು ಕುಟುಂಬದವರು ಸಿಕ್ಕರೆ ಅವರಷ್ಟು ಅರ್ಥ ಮಾಡಿಕೊಳ್ಳುವವರು ಬೇರೆ ಇಲ್ಲ, ನಮ್ಮ ಮೂರನೆಯ ಟ್ರಸ್ಟಿ ಸಿಕ್ಕಿದ್ದು ತಮ್ಮ ಹೋಗುವ ಡೇ ಕೇರ್ ಕೇಂದ್ರದ ಬಾಗಿಲಲ್ಲಿ ಕಾಯುತ್ತಿದ್ದ ಪೋಷಕರ ಗುಂಪಿನಲ್ಲಿ. ಮಗುವಿನ ಕಾಲದ ನಂತರ ಉಳಿದ ಆಸ್ತಿ ಯಾರಿಗೆ ಹೋಗುತ್ತದೋ ಅವರೊಬ್ಬರನ್ನೇ ಟ್ರಸ್ಟಿ ಮಾಡಬೇಡಿ. ಇವನಿಗೆ ಖರ್ಚು ಮಾಡಿದಷ್ಟೂ ತನಗೆ ಕಡಿಮೆ ಅನ್ನುವ ಸ್ಥಿತಿಗೆ ಒಳ್ಳೆಯವರನ್ನೂ ತಳ್ಳಬಾರದು.

ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣ ತಂಗಿಯರ ವಿಷಯ. ಎಷ್ಟೋ ಮನೆಗಳಲ್ಲಿ ಇರುವುದು ಅವರೇ. ಅವರ ಪ್ರೀತಿ, ದುಡ್ಡು ಎರಡೂ ಬೇಕು. ಆದರೆ ವಿದೇಶದಲ್ಲಿ ನೆಲೆಸಿದವರನ್ನು ಟ್ರಸ್ಟ್ ಕಾಯ್ದೆ ಸೂಕ್ತ ಟ್ರಸ್ಟಿ ಅಂತ ಎಣಿಸುವುದಿಲ್ಲ. ಟ್ರಸ್ಟಿ ಸತತ 6 ತಿಂಗಳು ದೇಶದಲ್ಲಿ ಇಲ್ಲದಿದ್ದರೆ ಅವರ ಜಾಗಕ್ಕೆ ಬೇರೆಯವರನ್ನು ನೇಮಿಸಲು ದಾರಿ ಇದೆ. ಹಾಗಾಗಿ ಅವರನ್ನು ಲೆಕ್ಕ ನೋಡುವ, ಪ್ರಶ್ನೆ ಕೇಳುವ, ತಪ್ಪು ಕಂಡರೆ ಟ್ರಸ್ಟಿಯನ್ನು ಬದಲಾಯಿಸುವ ಅಧಿಕಾರ ಇರುವ ಮೇಲ್ವಿಚಾರಕರನ್ನಾಗಿ ಡೀಡ್‌ನಲ್ಲಿ ಬರೆಯಿರಿ. ದೂರದಲ್ಲಿದ್ದು ಮಾಡಲು ಇದು ಚೆನ್ನಾಗಿ ಹೊಂದುತ್ತದೆ.

ಡೀಡ್‌ನಲ್ಲಿ ಮರೆಯಬಾರದ ಮಾತುಗಳು

ಸಿದ್ಧ ನಮೂನೆ ತಂದು ಹೆಸರು ತುಂಬಿಸಿ ಕೊಡುವವರು ಇದ್ದಾರೆ. ಅದನ್ನು ಒಪ್ಪಬೇಡಿ. ಕನ್ನಡದಲ್ಲೇ ಬರೆಸಿ, ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕನ್ನಡ ಪತ್ರ ನೋಂದಣಿ ಆಗುತ್ತದೆ. ಇಪ್ಪತ್ತು ವರ್ಷ ಆದಮೇಲೆ ಅದನ್ನು ಓದಿ ನಡೆಸುವವರಿಗೆ ಪ್ರತಿ ಸಾಲು ಅರ್ಥ ಆಗಬೇಕು ಅಲ್ವಾ?

ಕಾಯ್ದೆ ತಾನಾಗಿ ಕೊಡದ ಕೆಲವು ವಿಷಯ ನೀವೇ ಬರೆಯಬೇಕು. ಟ್ರಸ್ಟಿಗಳೆಲ್ಲ ಒಟ್ಟಿಗೆ ಒಪ್ಪಿದರೆ ಮಾತ್ರ ಕೆಲಸ ಅನ್ನುವುದು ಕಾಯ್ದೆಯ ನಿಯಮ. ಬಹುಮತ ಸಾಕು ಅಂತ ಬರೆಯದಿದ್ದರೆ ಒಬ್ಬರು ಮುನಿಸಿಕೊಂಡರೂ ಎಲ್ಲ ನಿಲ್ಲುತ್ತದೆ. ಟ್ರಸ್ಟಿಗೆ ಸಂಬಳ ಕೇಳುವ ಹಕ್ಕು ಇಲ್ಲ, ಹೊರಗಿನವರಿಗೆ ಸ್ವಲ್ಪ ಗೌರವಧನ ಕೊಡುವುದಾದರೆ ಅದನ್ನು ಬರೆಯಿರಿ. ಕೊಡುವುದೇ ಒಳ್ಳೆಯದು ಅನ್ನುತ್ತೇನೆ, ಪುಕ್ಕಟೆ ಕೆಲಸ ಮೂವತ್ತು ವರ್ಷ ನಡೆಯುವುದು ಕಷ್ಟ. ದುಡ್ಡನ್ನು ಎಲ್ಲೆಲ್ಲಿ ಹೂಡಬಹುದು ಅಂತಲೂ ಹೆಸರು ಹೇಳಿ ಬರೆಯಬೇಕು: ಎಫ್‌ಡಿ, ಅಂಚೆ ಕಚೇರಿ, ಮ್ಯೂಚುವಲ್ ಫಂಡ್, ಬಾಂಡ್. ಡೀಡ್‌ನಲ್ಲಿ ಇರದಿದ್ದರೆ ಸರ್ಕಾರ ಗೊತ್ತುಮಾಡಿದ ಕಡೆ ಮಾತ್ರ ಹೂಡಬಹುದು. ಟ್ರಸ್ಟಿಗೋ ಅವರ ಮನೆಯವರಿಗೋ ಸಾಲ ಕೊಡುವಂತಿಲ್ಲ ಅಂತ ಒಂದು ಸಾಲು. ಮನೆ ಮಾರುವುದಾದರೆ ಎಲ್ಲ ಟ್ರಸ್ಟಿಗಳ ಒಪ್ಪಿಗೆ ಬೇಕು, ಅವನಿಗೆ ಬೇರೆ ವಾಸದ ಜಾಗ ಮೊದಲೇ ಆಗಿರಬೇಕು ಅಂತ ಇನ್ನೊಂದು. ಒಬ್ಬ ಟ್ರಸ್ಟಿ ಹೋದರೆ ಮುಂದಿನವರು ಯಾರು ಅಂತ ಎರಡು ತಲೆಮಾರಿನ ತನಕ ಹೆಸರು. ಅವನ ಕಾಲದ ನಂತರ ಉಳಿದದ್ದು ಯಾರಿಗೆ ಅಂತಲೂ ಬೇಕು. ಬರೆಯದಿದ್ದರೆ ಅದು ಟ್ರಸ್ಟ್ ಮಾಡಿದವರ ವಾರಸುದಾರರಿಗೆ ಹೋಗಿ ಜಗಳ ಆಗಬಹುದು. ನಾವು ಅವನು ಹೋಗುವ ಡೇ ಕೇರ್ ಕೇಂದ್ರಕ್ಕೆ ಬರೆದಿದ್ದೇವೆ.

ಒಂದು ಸಾಲನ್ನು ನಾನು ಹಟ ಮಾಡಿ ಸೇರಿಸಿದೆ. ಅವನು ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಅನ್ನುವ ತೀರ್ಮಾನಕ್ಕೆ ಮೊದಲು ಅವನನ್ನು ಕೇಳಬೇಕು, ಅವನ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಅವನಿಗೆ ದುಡ್ಡಿನ ಲೆಕ್ಕ ತಿಳಿಯುವುದಿಲ್ಲ ನಿಜ. ಯಾರ ಮನೆಯಲ್ಲಿ ಇರಲು ಇಷ್ಟ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ನೋಂದಣಿ, ಪ್ಯಾನ್, ತೆರಿಗೆ

ಮನೆ, ಸೈಟು ಇದ್ದರೆ ಡೀಡ್ ನೋಂದಣಿ ಕಡ್ಡಾಯ. ಬರೀ ದುಡ್ಡಿದ್ದರೂ ಮಾಡಿಸಿ, ನೋಂದಣಿ ಇಲ್ಲದ ಡೀಡ್ ತಂದರೆ ಬ್ಯಾಂಕಿನವರು ಅನುಮಾನದಿಂದ ನೋಡುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ವಿವರ ತುಂಬಿ ಸಮಯ ತೆಗೆದುಕೊಂಡು, ಟ್ರಸ್ಟಿಗಳು ಮತ್ತು ಇಬ್ಬರು ಸಾಕ್ಷಿಗಳ ಜೊತೆ ಗುರುತಿನ ಚೀಟಿ ಹಿಡಿದು ಹೋಗಿ. ಆಮೇಲೆ ಟ್ರಸ್ಟ್ ಹೆಸರಲ್ಲಿ ಪ್ಯಾನ್, ನಂತರ ಬ್ಯಾಂಕ್ ಖಾತೆ. ಹೊಲ, ತೋಟ ಇದ್ದರೆ ಸಾಮಾನ್ಯ ವಕೀಲರು ಸಾಲದು, ಭೂಸುಧಾರಣಾ ಕಾಯ್ದೆ ಗೊತ್ತಿರುವವರನ್ನೇ ಕೇಳಿ.

ತೆರಿಗೆ ಬಗ್ಗೆ ಸಿಎ ಹತ್ತಿರ ಕೂತು ಕೇಳಬೇಕಾದ ಪ್ರಶ್ನೆ ಮುಖ್ಯವಾಗಿ ಒಂದೇ. ಫಲಾನುಭವಿ ಒಬ್ಬರೇ, ಅವರ ಪಾಲು ಸ್ಪಷ್ಟ ಅಂತ ಡೀಡ್‌ನಲ್ಲಿ ಇದ್ದರೆ ಅವರ ಆದಾಯದ ಹಂತಕ್ಕೆ ತಕ್ಕಷ್ಟೇ ತೆರಿಗೆ. ಯಾರಿಗೆ ಎಷ್ಟು ಅನ್ನುವುದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಕೆಲವು ವಿನಾಯಿತಿ ಬಿಟ್ಟು ಅತಿ ಹೆಚ್ಚಿನ ದರ ಬೀಳುತ್ತದೆ. ಟ್ರಸ್ಟನ್ನು ಬೇಕಾದಾಗ ವಾಪಸ್ ತೆಗೆದುಕೊಳ್ಳುವ ಹಕ್ಕು ಇಟ್ಟುಕೊಂಡರೆ ಆದಾಯ ನಿಮ್ಮದೇ ಅಂತ ಲೆಕ್ಕ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಸೆಕ್ಷನ್ ನಂಬರುಗಳು ಬದಲು. ಹಳೆಯ ಪುಸ್ತಕ ನೋಡಿ ಮೋಸ ಹೋಗಬೇಡಿ.

ದುಡ್ಡು ಎಷ್ಟು ಬೇಕು, ಎಲ್ಲಿಂದ?

ಲೆಕ್ಕ ಸುಲಭ. ಈಗ ಅವನ ಖರ್ಚು ತಿಂಗಳಿಗೆ 25,000 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 3 ಲಕ್ಷ. ಇನ್ನೂ 40 ವರ್ಷಕ್ಕೆ ಬೇಕು. ಬಡ್ಡಿ ಬರುವುದು, ಬೆಲೆ ಏರುವುದು ಸಮ ಅಂತ ಹಿಡಿದರೂ 1 ಕೋಟಿ 20 ಲಕ್ಷ. ಗಾಬರಿ ಆಗುತ್ತದೆ, ನಮಗೂ ಆಯಿತು. ಅದರಲ್ಲಿ ಬಾಡಿಗೆ, ಪಿಂಚಣಿ ಕಳೆಯಿರಿ. ಸರ್ಕಾರಿ ನೌಕರಿಯಲ್ಲಿದ್ದವರ ದುಡಿಯಲಾಗದ ಮಗುವಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುತ್ತದೆ, ಪಿಎಫ್ ಪಿಂಚಣಿಯಲ್ಲೂ ಪೂರ್ಣ ಅಂಗವೈಕಲ್ಯ ಇರುವ ಮಗುವಿಗೆ ಈ ಸೌಲಭ್ಯ ಇದೆ. ಆದರೆ ನೀವು ಬದುಕಿರುವಾಗಲೇ ಕಚೇರಿಯ ದಾಖಲೆಯಲ್ಲಿ ಮಗುವಿನ ಹೆಸರು, ವೈದ್ಯಕೀಯ ಪ್ರಮಾಣಪತ್ರ ಸೇರಿಸಿ. ಆಮೇಲೆ ಸೇರಿಸಲು ಹೊರಟರೆ ಚಪ್ಪಲಿ ಸವೆಯುತ್ತದೆ.

ವಯಸ್ಸು ಇನ್ನೂ ಕಡಿಮೆ ಇರುವ ಅಪ್ಪಂದಿರು ಟರ್ಮ್ ಜೀವವಿಮೆ ಪಾಲಿಸಿ ಮಾಡುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಮಾಡಿಸಿ. ಪಾಲಿಸಿಯ ದುಡ್ಡು ಹೆಂಡತಿ ಮಕ್ಕಳಿಗೇ ಮೀಸಲಾಗುತ್ತದೆ, ನಿಮಗೆ ಸಾಲ ಕೊಟ್ಟವರು ಅದನ್ನು ಮುಟ್ಟಲಾರರು. ಅದಕ್ಕೂ ಟ್ರಸ್ಟಿ ಹೆಸರಿಸಬಹುದು, ನಿಮ್ಮ ಕುಟುಂಬ ಟ್ರಸ್ಟಿನ ಟ್ರಸ್ಟಿಗಳನ್ನೇ ಹಾಕಿ. ಆರೋಗ್ಯಕ್ಕೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷದ ತನಕ ಸಿಗುತ್ತದೆ, ಮೊದಲೇ ಇರುವ ತೊಂದರೆ ನೋಡಿ ತಿರಸ್ಕರಿಸುವುದಿಲ್ಲ.

ಇದೆಲ್ಲ ಆದಮೇಲೂ ಒಂದು ಕೆಲಸ ಉಳಿಯುತ್ತದೆ, ತುಂಬಾ ಜನ ಬಿಟ್ಟುಬಿಡುವುದು ಇದನ್ನೇ. ಅಲ್ಲಲ್ಲಿ ನಾಮಿನಿ ಅಂತ ಮಗುವಿನ ಹೆಸರು ಬರೆದಿರುತ್ತೀರಿ: ಪಿಎಫ್, ಎಲ್‌ಐಸಿ, ಅಂಚೆ ಖಾತೆ. ಅಜ್ಜಿ ಪ್ರೀತಿಯಿಂದ ಬರೆದ ವಿಲ್ ಇರುತ್ತದೆ. ಅದರಲ್ಲೆಲ್ಲ ಹೆಸರು ಹಾಗೇ ಇದ್ದರೆ ದುಡ್ಡು ಟ್ರಸ್ಟ್‌ಗೆ ಬರದೆ ನೇರ ಅವನ ಹೆಸರಿಗೆ ಹೋಗಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಒಂದೊಂದನ್ನೂ ತೆಗೆದು ನೋಡಿ. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮ ಎಲ್ಲರಿಗೂ ಹೇಳಿ, ಕೊಡುವುದಿದ್ದರೆ ಟ್ರಸ್ಟ್‌ಗೆ ಕೊಡಿ ಅಂತ.

ಮತ್ತೆ ಒಂದು ನೋಟ್‌ಬುಕ್. ಅದಕ್ಕೆ ಕಾನೂನಿನ ಬೆಲೆ ಇಲ್ಲ, ನೋಂದಣಿ ಬೇಡ. ಅಮ್ಮ ನೂರು ಪುಟದ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಫಿಟ್ಸ್ ಮಾತ್ರೆ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು. ಹಲ್ಲು ನೋವು ಬಂದರೆ ಹೇಳುವುದಿಲ್ಲ, ಊಟ ಬಿಡುತ್ತಾನೆ. ಗುಡುಗು ಬಂದಾಗ ದೀಪ ಆರಿಸಬಾರದು. ಬಿಸಿಬೇಳೆ ಬಾತಿನಲ್ಲಿ ಬಟಾಣಿ ಬೇಡ. ಅಪ್ಪನ ಹಳೇ ರೇಡಿಯೋ ಕೆಟ್ಟರೂ ಎಸೆಯಬಾರದು, ಅವನ ಮಂಚದ ಪಕ್ಕದಲ್ಲೇ ಇರಬೇಕು. ಈ ಪುಸ್ತಕದ ಪ್ರತಿ ಮೂವರು ಟ್ರಸ್ಟಿಗಳ ಹತ್ತಿರವೂ ಇದೆ. ಪ್ರತಿ ಯುಗಾದಿಗೆ ಅವರು ಮನೆಗೆ ಬಂದಾಗ ಹೊಸ ಪುಟಗಳನ್ನು ಸೇರಿಸಿಕೊಂಡು ಹೋಗುತ್ತಾರೆ, ತಮ್ಮನೇ ಅವರಿಗೆ ಬೇವು ಬೆಲ್ಲ ಕೊಡುತ್ತಾನೆ.